ಚಳಿ ಬಂತು, ಕೌದಿ ಮಡಿಸಿಡಿ

ದೀಪಾವಳಿ ಮುಗಿದು ಮೂಡಗಾಳಿ ತಣ್ಣಗೆ ಬೀಸತೊಡಗಿದರೆ ನಮ್ಮ ಹಿರೇವಡ್ಡಟ್ಟಿಯ ಹುಡುಗರು ಎರಡು ಗುಂಪಾಗುತ್ತಾರೆ. ಒಂದು ಗುಂಪು ಬಿಸಿಲು ಬಾಗಿಲೊಳಗೆ ಬರುವ ತನಕ ಕೌದಿಯೊಳಗೆ ಮೊಬೈಲ್ ಹಿಡಿದುಕೊಂಡು ಮಲಗಿರುತ್ತದೆ. ಇನ್ನೊಂದು ಗುಂಪು ಚಹಾದಂಗಡಿ ಮುಂದೆ ಕೂತು, “ಈ ಊರಾಗ ಏನೈತ್ರೀ ಅಜ್ಜಾರ, ಒಂದು ಪಾರ್ಕ್ ಸುದ್ದಾ ಇಲ್ಲ” ಅನ್ನುತ್ತದೆ. ಈ ಎರಡೂ ಗುಂಪಿಗೆ ಸೇರಿಸಿ ಒಂದಿಷ್ಟು ಮಾತು ಹೇಳಬೇಕಾಗಿದೆ. ಕೇಳಿದರೆ ಕೇಳಿ, ಬಿಟ್ಟರೆ ಬಿಡಿ. ವಯಸ್ಸಾದವರಿಗೆ ಹೇಳುವ ಚಟ ಬಿಡುವುದಿಲ್ಲ.

ಪಾರ್ಕ್ ಬೇಡ ಅನ್ನುವವನಲ್ಲ ನಾನು. ಪಂಚಾಯ್ತಿಗೆ ಅರ್ಜಿ ಕೊಡಿ, ಬೆನ್ನು ಹತ್ತಿ ಕೇಳಿ. ಸಣ್ಣ ಮಕ್ಕಳಿಗೆ ಜೋಕಾಲಿ, ನಮ್ಮಂಥವರಿಗೆ ಕೂರಲಿಕ್ಕೆ ನೆರಳಿನ ಕಟ್ಟೆ ಪ್ರತಿ ಊರಿಗೂ ಇರಬೇಕು. ಆದರೆ ಆ ಅರ್ಜಿಗೆ ಉತ್ತರ ಬರುವುದರೊಳಗೆ ಈ ಚಳಿಗಾಲ ಹೋಗಿಬಿಡುತ್ತದೆ, ಅದೇ ನನ್ನ ಚಿಂತೆ. ಯಾಕೆಂದರೆ ನಮ್ಮ ಸೀಮೆಯಲ್ಲಿ ಬಯಲಿಗೆ ಹೋಗುವ ಕಾಲ ಇದೊಂದೇ. ಏಪ್ರಿಲ್, ಮೇ ತಿಂಗಳಲ್ಲಿ ಹತ್ತು ಗಂಟೆಗೇ ನೆಲ ಕಾದ ಹಂಚು. ಮಳೆ ಹಿಡಿದರೆ ಎರೆಮಣ್ಣು ಚಪ್ಪಲಿಗೆ ಮೆತ್ತಿ ಎರಡು ಹೆಜ್ಜೆಗೆ ಒಂದು ಸೇರು ಭಾರ. ಕಾರ್ತಿಕದಿಂದ ಶಿವರಾತ್ರಿಯ ತನಕ ಮಾತ್ರ ನೆಲ ಒಣಗಿರುತ್ತದೆ, ಹಿಂಗಾರಿ ಪೈರು ನಿಂತಿರುತ್ತದೆ, ಬಿಸಿಲು ಮೈಗೆ ಹಿತ. ಹಿಮ ಬೀಳುವ ದೇಶದವರು ಚಳಿಗೆ ಮನೆ ಸೇರಿಕೊಳ್ಳುತ್ತಾರೆ. ನಾವು ಅವರನ್ನು ನೋಡಿ ಕೌದಿ ಹೊದ್ದುಕೊಂಡರೆ ಹೇಗೆ?

ಮೊದಲು ಗುಡ್ಡದ ಮಾತು. ಪಾರ್ಕ್ ಇಲ್ಲ ಅನ್ನುವವರ ಮಗ್ಗುಲಲ್ಲೇ 244 ಚದರ ಕಿಲೋಮೀಟರಿನ ವನ್ಯಜೀವಿಧಾಮ ಬಿದ್ದುಕೊಂಡಿದೆ. ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹರಡಿದ ಕಪ್ಪತಗುಡ್ಡ. ಅದು ತಾನೇ ತಾನಾಗಿ ಉಳಿದುಕೊಂಡದ್ದಲ್ಲ. ಒಡಲಲ್ಲಿ ಕಬ್ಬಿಣ, ಮ್ಯಾಂಗನೀಸು, ಬಂಗಾರದ ಅದಿರು ಇಟ್ಟುಕೊಂಡ ಗುಡ್ಡಕ್ಕೆ ಕಣ್ಣು ಹಾಕುವವರಿಗೆ ಕೊರತೆಯೇ? 2015ರ ಕೊನೆಗೆ ಸರ್ಕಾರ ಅದನ್ನು ಸಂರಕ್ಷಿತ ಪ್ರದೇಶ ಎಂದು ಸಾರಿತು; ಒಂದು ವರ್ಷ ಕಳೆಯುವುದರೊಳಗೆ ಆ ಆದೇಶವನ್ನು ತಾನೇ ಹಿಂತೆಗೆದುಕೊಂಡಿತು. ಗದಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು, ನಂದಿವೇರಿ ಮಠದ ಶಿವಕುಮಾರ ಸ್ವಾಮಿಗಳು, ಅವರ ಹಿಂದೆ ರೈತರು, ಸಾಹಿತಿಗಳು, ಕಾಲೇಜು ಹುಡುಗರು ಬೀದಿಗೆ ಇಳಿದರು. 2017ರಲ್ಲಿ ಆದೇಶ ಮರಳಿ ಬಂತು, 2019ರಲ್ಲಿ ವನ್ಯಜೀವಿಧಾಮವೇ ಆಯಿತು. ಅಷ್ಟು ಜನ ಬಡಿದಾಡಿ ಉಳಿಸಿದ ಗುಡ್ಡವನ್ನು ಅದರ ಬುಡದಲ್ಲೇ ಹುಟ್ಟಿದ ನೀವು ಮೊಬೈಲಿನಲ್ಲಿ ಮಾತ್ರ ನೋಡಿದ್ದೀರಿ ಅಂದರೆ ನನಗೆ ಸಿಟ್ಟೇ ಬರುತ್ತದೆ.

ಹೋಗಿ, ಹತ್ತಿ. ಆದರೆ ಹತ್ತುವುದಕ್ಕೂ ರೀತಿ ಇದೆ. ವನ್ಯಜೀವಿಧಾಮ ಅಂದ ಮೇಲೆ ಅದು ಅರಣ್ಯ ಇಲಾಖೆಯ ಮನೆ. ಬಾಗಿಲು ಬಡಿದೇ ಒಳಗೆ ಹೋಗಬೇಕು. ಎಲ್ಲಿಯ ತನಕ ಬಿಡುತ್ತಾರೆ, ಯಾವ ದಾರಿ ಬಂದ್ ಇದೆ ಎಂದು ಹಿಂದಿನ ದಿನವೇ ಇಲಾಖೆಯವರನ್ನು ಕೇಳಿಕೊಳ್ಳಿ. ಮೊದಲ ಸಲಕ್ಕೆ ಜನ ನಡೆದು ಸವೆಸಿದ ದಾರಿಯೇ ಸಾಕು: ಕಪ್ಪತ ಮಲ್ಲೇಶ್ವರನ ಗುಡಿ, ಇಲ್ಲವೇ ಗಾಳಿಗುಂಡಿ ಬಸವಣ್ಣ. ಗಾಳಿಗುಂಡಿಯಲ್ಲಿ ನಿಂತರೆ ಬಸವಣ್ಣನಿಗೆ ಆ ಹೆಸರು ಯಾಕೆ ಬಂತು ಎಂದು ಯಾರನ್ನೂ ಕೇಳಬೇಕಾಗಿಲ್ಲ, ನಿಮ್ಮ ಟವೆಲ್ಲೇ ಹೇಳುತ್ತದೆ. ಬೆಳಕು ಹರಿದ ಮೇಲೆ ಹೊರಡಿ, ಹೊತ್ತು ಇಳಿಯುವುದರೊಳಗೆ ಕೆಳಗಿರಿ. ಅಲ್ಲಿ ಚಿರತೆ ಇದೆ, ಕತ್ತೆಕಿರುಬ ಇದೆ, ತೋಳ ಇದೆ. ಅವು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ, ಆದರೆ ನಸುಕು, ಮುಸ್ಸಂಜೆ ಅವುಗಳ ಹೊತ್ತು. ಅದನ್ನು ಅವುಗಳಿಗೇ ಬಿಡಿ. ನೀರು ನೀವೇ ಒಯ್ಯಬೇಕು. ಚಳಿಯಲ್ಲಿ ನೀರಡಿಕೆ ಗೊತ್ತಾಗುವುದಿಲ್ಲ, ಗಾಳಿ ಮೈ ಒಣಗಿಸುತ್ತಿರುತ್ತದೆ; ಆಗಾಗ ಕುಡಿಯುತ್ತಿರಿ. ಪೂರ್ತಿ ಪ್ಯಾಂಟು ಹಾಕಿ. ಜನವರಿ ಹೊತ್ತಿಗೆ ಹುಲ್ಲು ಒಣಗಿ ಅದರ ಸೂಜಿಕಾಳು ಕಾಲುಚೀಲದೊಳಗೆ ಹೊಕ್ಕರೆ ಒಂದೊಂದಾಗಿ ಕೀಳುವುದೇ ಸಂಜೆಯ ಕೆಲಸವಾಗುತ್ತದೆ.

ಬೀಡಿ, ಬೆಂಕಿಪೊಟ್ಟಣ ಕೆಳಗೇ ಬಿಟ್ಟು ಹೋಗಿ. ಇದನ್ನು ಎರಡು ಸಲ ಹೇಳುತ್ತೇನೆ: ಕೆಳಗೇ ಬಿಟ್ಟು ಹೋಗಿ. ಕಪ್ಪತಗುಡ್ಡಕ್ಕೆ ಬೆಂಕಿ ಬೀಳುವುದು ಇದೇ ಒಣಹುಲ್ಲಿನ ಕಾಲದಲ್ಲಿ, ಆ ಗಾಳಿಗೆ ಅದು ಓಡುವ ಓಟ ನೋಡಿದವರಿಗೇ ಗೊತ್ತು. ಮೇಲೆ ಕುಳಿತು ಚಹಾ ಕಾಸಿ ರೀಲು ಮಾಡಬೇಕು ಅನ್ನುವ ಆಸೆ ಇದ್ದರೆ ಮನೆಯಿಂದ ಥರ್ಮಾಸ್ ಒಯ್ಯಿರಿ. ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡ ಅಂತ ಕಂಡಕಂಡದ್ದನ್ನು ಕಿತ್ತು ಚೀಲಕ್ಕೆ ತುಂಬಬೇಡಿ, ಅದು ಕಾಯಿದೆ ಪ್ರಕಾರವೂ ತಪ್ಪು. ಗುರುತು ಹಿಡಿಯಲು ಕಲಿಯಿರಿ. ನಮ್ಮ ಭಾಗದ ಕುರಿಗಾಹಿಗಳಲ್ಲಿ, ನಾಟಿ ವೈದ್ಯರಲ್ಲಿ ಎಲೆ ನೋಡಿ ಹೆಸರು ಹೇಳುವವರು ಇನ್ನೂ ಇದ್ದಾರೆ. ಅಂಥ ಒಬ್ಬ ಹಿರಿಯನ ಜೊತೆ ಅರ್ಧ ದಿನ ನಡೆದರೆ ಸಿಗುವುದು ಹತ್ತು ಸಲ ಒಬ್ಬರೇ ಓಡಿ ಹತ್ತಿದರೂ ಸಿಗುವುದಿಲ್ಲ. ನಿಮ್ಮ ಓಟಕ್ಕೆ ಅವನು ಬರುವುದಿಲ್ಲ, ನೀವೇ ಅವನ ನಡಿಗೆಗೆ ಇಳಿಯಬೇಕು.

ಗುಡ್ಡ ಬೇಡ, ಮಂಡಿ ನೋವು ಅನ್ನುವವರಿಗೆ ಹೊಲ ಇದೆ. ಎಳ್ಳಮಾಸಿಗೆ ಚರಗ ಚೆಲ್ಲಲು ಹೋಗುತ್ತೀರಲ್ಲ, ಸಜ್ಜಿರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಕಟ್ಟಿಕೊಂಡು ಟ್ರ್ಯಾಕ್ಟರ್ ಏರಿ. ಅದೊಂದು ದಿನ ಉಂಡು ಬಂದರೆ ಹೊಲದ ಸಂಬಂಧ ಮುಗಿಯಿತು ಅನ್ನುವ ಹಾಗಾಗಿದೆ. ಬೇಸಾಯ ಮಾಡುವ ಮನೆಯ ಹುಡುಗರೂ ಹಾಗೇ ಆಗಿದ್ದಾರೆ, ಅದು ಇನ್ನೂ ಸೋಜಿಗ. ಈ ವರ್ಷ ಹೊಸದೊಂದು ಮಾಡಿ ನೋಡಿ: ನಸುಕಿನಲ್ಲಿ ಎದ್ದು ಕಡಲೆ ಹೊಲಕ್ಕೆ ಹೋಗಿ ಹುಳಿ ಹಿಡಿಯುವುದು.

ನಗಬೇಡಿ. ನಿಮ್ಮಲ್ಲಿ ಎಷ್ಟು ಜನ ಕಡಲೆ ಹುಳಿ ಕಂಡಿದ್ದೀರಿ? ಕಡಲೆ ಗಿಡದ ಎಲೆ, ಕಾಂಡ, ಕಾಯಿಯ ಮೇಲೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ರೋಮ ಇರುತ್ತದೆ. ಅದರ ತುದಿಯಿಂದ ಗಿಡ ಒಂದು ಆಮ್ಲ ಹೊರಗೆ ಬಿಡುತ್ತದೆ. ಮ್ಯಾಲಿಕ್ ಆಮ್ಲ, ಆಕ್ಸಾಲಿಕ್ ಆಮ್ಲ ಎಂದು ಓದಿದವರು ಹೆಸರು ಹೇಳುತ್ತಾರೆ. ಕೀಟಗಳ ಕಾಟಕ್ಕೆ ಗಿಡ ಮಾಡಿಕೊಂಡ ಬಂದೋಬಸ್ತು ಅದು. ರಾತ್ರಿ ಬಿದ್ದ ಇಬ್ಬನಿಯಲ್ಲಿ ಆ ಹುಳಿ ಕರಗಿ ಎಲೆಯ ಮೇಲೆ ನಿಂತಿರುತ್ತದೆ. ಹೊತ್ತು ಹುಟ್ಟುವ ಮುಂಚೆ ತೊಳೆದು ಒಣಗಿಸಿದ ಬಿಳಿ ಅರಿವೆಯನ್ನು ಸಾಲಿನ ಮೇಲೆ ಹಗುರಾಗಿ ಎಳೆಯುತ್ತ ಹೋಗಬೇಕು. ಅರಿವೆ ತೊಯ್ದ ಮೇಲೆ ಗಾಜಿನ ಇಲ್ಲವೇ ಚೀನಿಮಣ್ಣಿನ ಭರಣಿಗೆ ಹಿಂಡಬೇಕು. ತಾಮ್ರ, ಹಿತ್ತಾಳೆ ಆಗದು, ಹುಳಿ ಲೋಹವನ್ನು ತಿನ್ನುತ್ತದೆ. ಮತ್ತೆ ಎಳೆಯಬೇಕು, ಮತ್ತೆ ಹಿಂಡಬೇಕು. ಬಿಸಿಲು ಬಂತೋ, ಆಟ ಮುಗಿಯಿತು. ಎರಡು ಎಕರೆ ಓಡಾಡಿದರೂ ಭರಣಿಯ ತಳ ಮುಚ್ಚಿದರೆ ಪುಣ್ಯ. ಹೊಟ್ಟೆನೋವು, ಅಜೀರ್ಣ ಅಂದರೆ ಹಿಂದಿನ ಹೆಂಗಸರು ಅದರ ಕೆಲವೇ ಹನಿ ನೀರಿಗೆ ಹಾಕಿ ಕೊಡುತ್ತಿದ್ದರು.

ಅವರ ಕಾಲದಲ್ಲಿ ಇಲ್ಲದ ಒಂದು ಎಚ್ಚರಿಕೆಯನ್ನು ನಾನು ಸೇರಿಸಬೇಕು. ಕಾಯಿಕೊರಕಕ್ಕೆ ಔಷಧಿ ಹೊಡೆದ ಹೊಲದಲ್ಲಿ ಹುಳಿ ಹಿಡಿಯಲೇಬಾರದು. ಹೊಲದವನನ್ನು ಕೇಳಿ, ಔಷಧಿ ಹೊಡೆದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಹಿಡಿದದ್ದನ್ನು ಕುಡಿಯಲೇಬೇಕೆಂದಿಲ್ಲ, ಕಿಡ್ನಿಯಲ್ಲಿ ಕಲ್ಲು ಇರುವವರಂತೂ ಅದರ ಗೊಡವೆಗೆ ಹೋಗಬೇಡಿ. ಹಿಡಿಯುವುದರಲ್ಲೇ ಸುಖ ಇದೆ. ಅರಿವೆಯ ತುದಿ ಹಿಡಿದು ಬಗ್ಗಿ ನಡೆದರೆ ಸೊಂಟಕ್ಕೆ, ತೊಡೆಗೆ ಆಗುವ ವ್ಯಾಯಾಮ ಯಾವ ಜಿಮ್ಮಿನಲ್ಲೂ ಇಲ್ಲ. ಒಳ್ಳೆಯ ಬೂಟು ಮಾತ್ರ ಹಾಕಿಕೊಂಡು ಹೋಗಬೇಡಿ. ಆ ಹುಳಿ ಚರ್ಮದ ಬಣ್ಣ ತೆಗೆದುಬಿಡುತ್ತದೆ.

ಅದೇ ಹೊಲದಲ್ಲಿ ಕುಡಿ ಚಿವುಟುವ ಕೆಲಸಕ್ಕೂ ಕೈ ಹಾಕಿ. ಬಿತ್ತಿ ತಿಂಗಳಾದ ಕಡಲೆಯ ಕುಡಿ ಚಿವುಟಿದರೆ ಗಿಡ ಟಿಸಿಲೊಡೆದು ಕಾಯಿ ಹೆಚ್ಚಾಗುತ್ತದೆ. ಚಿವುಟಿದ ಕುಡಿ ರಾತ್ರಿಯ ಪಲ್ಯ. ಹೊಲದವನು ಬೇಡ ಅನ್ನುವುದಿಲ್ಲ, ಕೂಲಿ ಉಳಿಯಿತಲ್ಲ. ಜನವರಿ ಬಂದರೆ ಸುಲಗಾಯಿ, ಜೋಳ ಹಾಲು ತುಂಬಿದರೆ ಸೀತೆನಿ. ಕುಳ್ಳಿನ ಕೆಂಡದಲ್ಲಿ ತೆನೆ ಸುಟ್ಟು, ಬಿಸಿ ಇರುವಾಗಲೇ ಬಡಿದು, ಬೆಲ್ಲದ ಜೊತೆ ತಿನ್ನುವುದನ್ನು ನಿಮಗೆ ಕಲಿಸಬೇಕೇ? ಕಲಿಸಬೇಕಾಗಿದೆ, ಬೆಂಗಳೂರಿನಿಂದ ಬಂದ ಮೊಮ್ಮಕ್ಕಳಿಗೆ ಅಂತೂ ಕಲಿಸಲೇಬೇಕಾಗಿದೆ.

ಇನ್ನು ಹಕ್ಕಿ. ಒಂದು ಭಾನುವಾರ ಮೂರ್ನಾಲ್ಕು ಜನ ಸೇರಿ ಶಿರಹಟ್ಟಿ ಕಡೆ ಹೊರಟು ಮಾಗಡಿ ಕೆರೆಗೆ ಹೋಗಿ ಬನ್ನಿ. ಶಿರಹಟ್ಟಿಯಿಂದ 8 ಕಿಲೋಮೀಟರು, ಗದಗಿನಿಂದ 26. ಮಳೆನೀರು ನಿಲ್ಲಿಸಲು ಜನ ಕಟ್ಟಿದ ಸಾಧಾರಣ ಕೆರೆ, 134 ಎಕರೆ. ಆದರೆ 2024ರ ಜನವರಿಯಲ್ಲಿ ಅದು ರಾಮ್ಸಾರ್ ತಾಣವಾಯಿತು, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಗೆ ಸೇರಿತು. ಕಾರಣ ಪಟ್ಟೆತಲೆ ಹೆಬ್ಬಾತು. ಮಂಗೋಲಿಯಾ, ಟಿಬೆಟ್, ಲಡಾಖಿನ ಕಡೆ ಬೇಸಿಗೆ ಕಳೆದು, ಅಲ್ಲಿ ನೀರು ಹೆಪ್ಪುಗಟ್ಟುವ ಹೊತ್ತಿಗೆ ಹಿಮಾಲಯ ದಾಟಿ ನಮ್ಮಲ್ಲಿಗೆ ಬರುವ ಹಕ್ಕಿ. ಬೆನ್ನಿಗೆ ಯಂತ್ರ ಕಟ್ಟಿ ಅಳೆದಾಗ ಒಂದು ಹಕ್ಕಿ 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಗುರುತು ತಪ್ಪುವುದಿಲ್ಲ. ನವೆಂಬರಿನಿಂದ ಬರತೊಡಗಿ ಮಾರ್ಚಿಗೆ ಹೊರಡುತ್ತವೆ.

ಅವುಗಳ ದಿನಚರಿ ಗೊತ್ತಿದ್ದರೆ ನೋಡುವುದು ಸಲೀಸು. ರಾತ್ರಿ, ನಸುಕಿನಲ್ಲಿ ಸುತ್ತಲಿನ ಹೊಲಗಳಲ್ಲಿ ಮೇಯುತ್ತವೆ, ಬಿಸಿಲೇರಿದ ಮೇಲೆ ಕೆರೆಗೆ ಬಂದು ವಿಶ್ರಾಂತಿ. ಆಮೇಲೆ ಹೋದರೂ ಕಾಣುತ್ತವೆ, ಆದರೆ ಅವು ಹಿಂಡು ಹಿಂಡಾಗಿ ಕೂಗುತ್ತ ಬಂದು ಇಳಿಯುವುದನ್ನು ನೋಡಬೇಕಾದರೆ ಬೇಗ ಹೋಗಿ ಏರಿಯ ಮೇಲೆ ಕೂತಿರಬೇಕು. ಸುಮ್ಮನೆ ಕೂರುವುದು ನಿಮ್ಮ ಪೀಳಿಗೆಗೆ ದೊಡ್ಡ ಹೊಸ ಚಟುವಟಿಕೆ ಎಂದು ನನ್ನ ಅಂದಾಜು. ಫೋಟೋಕ್ಕಾಗಿ ಚಪ್ಪಾಳೆ ತಟ್ಟಿ, ಕಲ್ಲು ಎಸೆದು ಎಬ್ಬಿಸುವವರನ್ನು ಕಂಡರೆ ಗದರಿಸಿ, ನನ್ನ ಹೆಸರು ಹೇಳಿ ಬೇಕಾದರೆ. ಹಿಮಾಲಯ ದಾಟಿ ಬಂದ ಹಕ್ಕಿಗೆ ಕೂರಲು ಇಷ್ಟು ಜಾಗ ಕೊಟ್ಟು ಮಾಗಡಿಯ ರೈತರು ತಮ್ಮ ಪೈರಿನ ನಷ್ಟವನ್ನೂ ಸಹಿಸುತ್ತಾರೆ. ನೀವು ಒಂದು ಗಂಟೆ ಕೈಕಟ್ಟಿ ಕೂರಲಾರಿರಾ?

ಅಷ್ಟು ದೂರ ಆಗುವುದಿಲ್ಲವಾದರೆ ಊರ ಹೊಲದಲ್ಲೇ ನಿಲ್ಲಿ. ಜೋಳ ತೆನೆಗಟ್ಟಿದಾಗ ಮೋಡದ ಹಾಗೆ ಬಂದು ಎರಗುವ ಗುಲಾಬಿ ಕಬ್ಬಕ್ಕಿಯೂ ಮಧ್ಯ ಏಷ್ಯಾದ ಕಡೆಯ ಬೀಗರೇ. ಕವಣೆ ಬೀಸಿ ಓಡಿಸಿ, ಅದು ಹೊಲದವನ ಹಕ್ಕು. ಓಡಿಸುವ ಮುಂಚೆ ಒಂದು ಕ್ಷಣ ನೋಡಿ. ಬೈನಾಕ್ಯುಲರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಲೈಬ್ರರಿಯಲ್ಲಿ ಸಿಕ್ಕರೆ ತಂದಿಟ್ಟುಕೊಳ್ಳಿ. ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ಹಿತ್ತಲ ಹಕ್ಕಿ ಎಣಿಕೆ ನಡೆಯುತ್ತದೆ. ಹದಿನೈದು ನಿಮಿಷ ಒಂದೆಡೆ ನಿಂತು ಎಣಿಸಿ ಇ-ಬರ್ಡ್‌ನಲ್ಲಿ ದಾಖಲಿಸಿದರೆ ಹಿರೇವಡ್ಡಟ್ಟಿಯ ಲೆಕ್ಕವೂ ಅದರಲ್ಲಿ ಸೇರುತ್ತದೆ. ಮೊಬೈಲಿಗೆ ಅಷ್ಟಾದರೂ ಕೆಲಸ ಕೊಡಿ.

ರಾತ್ರಿಯ ಮಾತು ಹೇಳದೇ ಬಿಡಲಾರೆ, ನನಗೆ ಬಹಳ ಇಷ್ಟದ್ದು ಅದು. ಮಳೆಯ ಹೆಸರು ನಿಮ್ಮ ಮನೆಯ ಅಜ್ಜಿಗೆ ಬಾಯಿಪಾಠ: ಕೃತ್ತಿಕಾ, ರೋಹಿಣಿ, ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ. ಆ ನಕ್ಷತ್ರಗಳನ್ನು ಕಣ್ಣಾರೆ ಕಂಡಿದ್ದೀಯಾ ಎಂದು ಕೇಳಿ. ಬಹಳ ಜನ ಕಂಡಿರುವುದಿಲ್ಲ. ಕಾಣುವುದಾದರೂ ಹೇಗೆ? ಮೃಗಶಿರ ಮಳೆ ಜೂನ್ ಮೊದಲ ವಾರ ಹೂಡುತ್ತದೆ ಅಂದರೆ ಆಗ ಸೂರ್ಯ ಆ ನಕ್ಷತ್ರದ ಹತ್ತಿರ ಇದ್ದಾನೆ ಅಂತ. ಹಗಲು ಅವನ ಬೆಳಕಿನಲ್ಲಿ ಅದು ಮುಚ್ಚಿಹೋಗಿರುತ್ತದೆ, ರಾತ್ರಿ ಅವನ ಹಿಂದೆಯೇ ಮುಳುಗಿರುತ್ತದೆ. ಆರು ತಿಂಗಳು ದಾಟಿದ ಮೇಲೆ, ಚಳಿಗಾಲದಲ್ಲಿ, ಮೋಡವಿಲ್ಲದ ಆಕಾಶದಲ್ಲಿ ಮುಂಗಾರಿನ ನಕ್ಷತ್ರಗಳೆಲ್ಲ ಸಾಲಾಗಿ ಮೇಲೇರುತ್ತವೆ. ಡಿಸೆಂಬರ್ ಕೊನೆಗೆ ಊಟ ಮುಗಿಸಿ ಎಂಟು ಗಂಟೆಗೆ ಮಾಳಿಗೆ ಹತ್ತಿ. ನೆತ್ತಿಯ ಹತ್ತಿರ ಹರಳು ಗೊಂಚಲಿನಂತೆ ಕೃತ್ತಿಕೆ. ಅದರ ಕೆಳಗೆ ಕೆಂಪಗೆ ರೋಹಿಣಿ. ಪೂರ್ವಕ್ಕೆ ಕಣ್ಣು ಇಳಿಸಿದರೆ ಒಂದೇ ಗೆರೆಯಲ್ಲಿ ಮೂರು ಚುಕ್ಕೆ ಇರುವ ಮಹಾವ್ಯಾಧ. ಅವನ ತಲೆಯೇ ಮೃಗಶಿರ, ಭುಜದ ಕೆಂಚುಕ್ಕೆ ಆರಿದ್ರಾ. ಇನ್ನೂ ಕೆಳಗೆ ಜೋಡಿಯಾಗಿ ಪುನರ್ವಸು. ಪುಷ್ಯ ಮಂದ, ಅದಕ್ಕೆ ಇನ್ನೊಂದಿಷ್ಟು ಹೊತ್ತು ಕಾಯಬೇಕು. ಇಷ್ಟನ್ನು ಅಜ್ಜಿಗೆ ತೋರಿಸಿ, ಶಾಲು ಹೊದಿಸಿಕೊಂಡು ಕರೆದೊಯ್ದು. ಡಿಸೆಂಬರ್ 13, 14ರ ರಾತ್ರಿ ಪುನರ್ವಸುವಿನ ಕಡೆಯಿಂದ ಉಲ್ಕೆಗಳೂ ಬೀಳುತ್ತವೆ. ಬೀದಿದೀಪ ಕಣ್ಣಿಗೆ ಬೀಳದ ಕಡೆ ಮಲಗಿ ನೋಡಬೇಕು.

ಆಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಿಮಗೇ ಗೊತ್ತಿದೆ. ಶಟಲ್ ಆಡುವವರು ಮಾತ್ರ ಒಂದು ನೆನಪಿಡಿ: ಗುಡ್ಡದ ಮೇಲೆ ಗಾಳಿಯಂತ್ರ ನೆಟ್ಟ ಸೀಮೆ ಇದು, ಹೊತ್ತೇರಿದ ಮೇಲೆ ನಿಮ್ಮ ಶಟಲ್ ಪಕ್ಕದ ಓಣಿಗೆ ಹೋಗುತ್ತದೆ. ಬೆಳಗ್ಗೆಯೇ ಆಡಿ, ಇಲ್ಲವೇ ವಾಲಿಬಾಲ್ ಹಿಡಿಯಿರಿ. ಸೈಕಲ್ ಇದ್ದವರು ಡಂಬಳಕ್ಕೆ ಹೋಗಿ, ದೊಡ್ಡಬಸಪ್ಪನ ಗುಡಿ ಸುತ್ತಿ ಬನ್ನಿ. ಹನ್ನೆರಡನೆಯ ಶತಮಾನದ ಆ ಗುಡಿಯ ಗೋಡೆ 24 ಮೂಲೆಯ ನಕ್ಷತ್ರದ ಆಕಾರದಲ್ಲಿ ಮಡಚಿಕೊಂಡು ಹೋಗಿದೆ, ಸುತ್ತ ನಡೆದು ಎಣಿಸಿ. ಜಂಬ ಬೇಡ, ಮೊದಲ ದಿನವೇ ಮುಂಡರಗಿಯ ತನಕ ತುಳಿದು ಮರುದಿನ ಮೂಲೆ ಹಿಡಿಯುವವರನ್ನು ಬಹಳ ನೋಡಿದ್ದೇನೆ. ತಣ್ಣನೆಯ ಮೈಗೆ ಒಮ್ಮೆಲೆ ಕೆಲಸ ಕೊಡಬಾರದು. ಹತ್ತು ನಿಮಿಷ ನಡೆದು, ಕೈಕಾಲು ಸಡಿಲಿಸಿ ಆಮೇಲೆ ಓಡಿ.

ನನ್ನ ವಾರಗೆಯವರಿಗೂ ಎರಡು ಮಾತು. ಬಿಪಿ, ಎದೆನೋವು, ದಮ್ಮು ಇರುವವರು ನಸುಕಿನಲ್ಲಿ ಹೊರಡುವ ಹಟ ಬಿಡಬೇಕು. ಚಳಿಗೆ ರಕ್ತನಾಳ ಬಿಗಿಯುತ್ತವೆ, ಹೃದಯಕ್ಕೆ ಹೊರೆ ಏರುತ್ತದೆ. ಬಿಸಿಲು ಬಂದ ಮೇಲೆ, ಕಿವಿ ಮುಚ್ಚುವ ಹಾಗೆ ಮಫ್ಲರ್ ಸುತ್ತಿ, ಗುಳಿಗೆ ತಪ್ಪಿಸದೆ ನಡೆಯಿರಿ. ರಾಶಿಯ ಕಣದ ಧೂಳು ದಮ್ಮಿನವರಿಗೆ ವೈರಿ, ಅತ್ತ ಸುಳಿಯಬೇಡಿ.

ಕಡೆಯದಾಗಿ, ಮನೆಯ ಹಿರಿಯರಿಗೆ. ಮೇಲೆ ಹೇಳಿದ್ದೆಲ್ಲ ಓದಿ ಗಂಡುಮಕ್ಕಳನ್ನು ಮಾತ್ರ ಕಳಿಸಿದರೆ ನಾನು ಹೇಳಿದ್ದು ವ್ಯರ್ಥ. ಶಾಲೆಯ ಮೈದಾನ ಹುಡುಗರ ಕ್ರಿಕೆಟ್ಟಿಗೆ, ಗುಡ್ಡ ಹುಡುಗರ ಬೈಕಿಗೆ, ಹುಡುಗಿಯರಿಗೆ ಅಂಗಳದ ಕಸ ಅನ್ನುವ ಪದ್ಧತಿ ಇನ್ನು ಸಾಕು. ಕಡಲೆ ಹುಳಿ ಹಿಡಿಯುವ ವಿದ್ಯೆ ಹೆಂಗಸರದೇ ಆಗಿತ್ತು. ನಸುಕಿನಲ್ಲಿ ಬಯಲಿಗೆ ಹೋಗುವ ಧೈರ್ಯವೂ ಅವರದೇ. ನಾಲ್ಕು ಹುಡುಗಿಯರು, ಜೊತೆಗೆ ಒಬ್ಬ ಅತ್ತೆಯೋ ಶಾಲೆಯ ಅಕ್ಕೋರೋ ಇದ್ದರೆ ಮಾಗಡಿ ಕೆರೆಯೂ ದೂರವಲ್ಲ, ಗಾಳಿಗುಂಡಿಯೂ ಎತ್ತರವಲ್ಲ. ಈ ಭಾನುವಾರವೇ ಮಗಳನ್ನು ಕಳಿಸಿ. ರೊಟ್ಟಿ ಕಟ್ಟಿಕೊಡಿ, ಎರಡು ಬಾಟಲಿ ನೀರು ಕೊಡಿ, ಎಷ್ಟೊತ್ತಿಗೆ ಬರುತ್ತೀಯೆಂದು ಒಂದೇ ಸಲ ಕೇಳಿ.